ಕೆಂದಿಗೆ ಹೇಳಿದ ಸಮಾಧಾನ

ಹುಲಿಗುಂದದ ಬೆಟ್ಟದಡಿಯ ಒಂದು ಹುಲ್ಲುಮಾಡಿನ ಕೊಟ್ಟಿಗೆಯೇ ಪೂಜ್ಯ ಮಾತೆ ಸಿದ್ಧಲಿಂಗಾಂಬೆಯವರ ಆಶ್ರಮವಾಗಿತ್ತು. ಹಾಲು ಬತ್ತಿದ ಮುದಿ ಗೋವುಗಳನ್ನು ಸಾಕಿಕೊಂಡು, ಸಗಣಿ ಬಾಚುತ್ತಲೇ ಅವರು ಭಕ್ತರಿಗೆ ದರ್ಶನವೀಯುತ್ತಿದ್ದರು. ಬೋಧನೆ ಬಯಸಿ ಬಂದವರ ಕೈಗೆ ಮೊದಲು ಸಿಗುತ್ತಿದ್ದುದು ಪೊರಕೆ.

ಒಂದು ಬೇಸಿಗೆಯ ಬೆಳಿಗ್ಗೆ ಕರಿಬೀರಯ್ಯನೆಂಬ ಗೃಹಸ್ಥನು ತನ್ನ ಹಸು ಕೆಂದಿಯನ್ನು ಹಗ್ಗ ಜಗ್ಗಿ ಎಳೆಯುತ್ತ, ಕೋಲು ಝಳಪಿಸುತ್ತ ಅಲ್ಲಿಗೆ ಬಂದನು. ಅವನ ಬಾಣಂತಿ ಮಡದಿ ಜ್ವರದಿಂದ ಮಲಗಿದ್ದಳು. ಎದೆಹಾಲಿಲ್ಲದೆ ಹಸುಗೂಸು ಅಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತಿತ್ತು. ಊರಿನಲ್ಲಿ ಹಾಲು ಕರೆಯುವ ಹಸು ಬೇರೊಂದಿರಲಿಲ್ಲ. ಕೆಂದಿಯಾದರೋ, ತನ್ನ ಕರು ಸತ್ತಂದಿನಿಂದ ಕೆಚ್ಚಲಿಗೆ ಕೈಯಿಟ್ಟವರನ್ನೆಲ್ಲ ಒದೆಯುತ್ತಿತ್ತು.

“ಊರೋರೆಲ್ಲ ಬಾಗಿಲಲ್ಲಿ ನಿಂತು ‘ಸಮಾಧಾನ ಮಾಡ್ಕೋ ಬೀರಣ್ಣ’ ಅಂದು ಹೋಗ್ತಾರೆ ಅವ್ವ. ಸಮಾಧಾನಾನ ಒಳಲೇಲಿ ಹಾಕಿ ಮಗೀಗೆ ಕುಡಿಸ್ಲಾ? ನೀವೂ ಅದನ್ನೇ ಹೇಳೋದಾದ್ರೆ ಈಗ್ಲೇ ಹೊರಟೆ!”

“ನಾನು ಹೇಳಲ್ಲಪ್ಪ,” ಎಂದರು ಮಾತೆಯವರು. “ಕೋಲು ಬಿಸಾಕು. ಕೈಗೆ ಉಪ್ಪು ಸವರ್ಕೊಂಡು ಇವಳ ಮೂತಿ ಮುಂದೆ ಹಿಡಿ.”

“ಹಾಲಿರೋದು ಹಿಂದೆ, ಅವ್ವ!”

“ಗೊತ್ತು ಕಣಪ್ಪ. ನೀನು ಮುಂದೆ ಹಿಡಿ.”

ಕೆಂದಿ ಮೂಸಿತು, ಅಂಗೈ ನೆಕ್ಕಿತು. ಬಳಿಕ ಎಳೆಗರುವಿನ ಮೈ ನೆಕ್ಕುವಂತೆ ಮೊಣಕೈವರೆಗೂ ನೆಕ್ಕತೊಡಗಿತು. ಆ ಒರಟು ನಾಲಿಗೆಯಡಿಯಿಂದ ಬೀರಯ್ಯನು ಕೈ ಹಿಂತೆಗೆಯಲಿಲ್ಲ. ಸತ್ತ ಕರುವನ್ನು ತಾಯಿಗೆ ಮೂಸಲೂ ಬಿಡದೆ, ಅವಸರದಲ್ಲಿ ಹೊತ್ತೊಯ್ದು ಹೂತದ್ದು ಅವನಿಗೆ ಆಗ ನೆನಪಾಯಿತು.

ಮಾತೆಯವರು ಚೆಂಬು ಹಿಡಿದು ಕೆಚ್ಚಲ ಬಳಿ ಕುಳಿತರು. “ಊರೋರು ನಿಂಗೆ ಹೇಳಿದ ಮಾತನ್ನ ಈಗ ನೀನು ಇವಳಿಗೆ ಹೇಳು.”

ಬೀರಯ್ಯನು ಕೆಂದಿಯ ಕೊರಳಿಗೆ ಹಣೆಯಾನಿಸಿದನು. “ಸಮಾಧಾನ ಮಾಡ್ಕೋ ತಾಯಿ... ನಿನ್ನ ಕರೂನ ಮೂಸಕ್ಕೂ ಬಿಡ್ಲಿಲ್ಲ ನಾನು,” ಎಂದು ಅದರ ಕತ್ತು ನೇವರಿಸಿದನು.

ಕೆಂದಿ ಕಾಲೆತ್ತಲಿಲ್ಲ. ಮೊದಲು ನಾಲ್ಕು ಹನಿ. ಆಮೇಲೆ ಚೆಂಬಿನ ತಳಕ್ಕೆ ಸೊರ್ರೆಂದು ಬಿದ್ದ ಹಾಲಿನ ಧಾರೆ.

ಅಂದು ಸಂಜೆ, ಹಾಲು ಕುಡಿದು ಚೇತರಿಸಿಕೊಂಡ ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ಆ ಅಳು ಕೇಳಿ ಜ್ವರದ ತಾಯಿ ನಕ್ಕಳು.

ಮುಂದೆ ಯಾರ ಮನೆಯಲ್ಲಿ ಸಾವುನೋವಾದರೂ ಕರಿಬೀರಯ್ಯನು ಬಾಗಿಲಲ್ಲಿ ನಿಂತು ಹಿಂದಿರುಗಲಿಲ್ಲ. ಒಳಹೊಕ್ಕು, ನೊಂದವರ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದನು. ಸಮಾಧಾನವೆಂಬ ಮಾತು ಅವನ ಬಾಯಿಗೆ ಬರುತ್ತಿದ್ದುದು ಏಳುವ ಹೊತ್ತಿಗೆ. ಎಷ್ಟೋ ಸಲ ಅಷ್ಟರಲ್ಲಿ ಅದನ್ನು ಹೇಳುವ ಅಗತ್ಯವೇ ಉಳಿದಿರುತ್ತಿರಲಿಲ್ಲ.