ಮರಕುಟಿಗಮ್ಮನ ಮಗಳ ಕಾರು

ಮರಕುಟಿಗಮ್ಮನದು ದೊಡ್ಡ ಮನೆತನ. ಏಳು ತಲೆಮಾರಿನಿಂದ ಆ ಕಾಡಿನ ಗಿಳಿ, ಗೂಬೆಗಳು ಸಂಸಾರ ಹೂಡಿದ್ದೆಲ್ಲ ಅವಳ ಹಿರಿಯರು ಕೊರೆದ ಪೊಟರೆಗಳಲ್ಲೇ. ಅಂಥ ಮನೆಯ ಮಗಳು ಚಿಕ್ಕಿ, ಮಕ್ಕಳ ಮರದ ಕಾರಿನ ಪಂದ್ಯದಲ್ಲಿ ಸೋಲುವುದುಂಟೆ?

ಕಾರನ್ನು ಮಕ್ಕಳೇ ಮಾಡಬೇಕೆಂಬುದು ನಿಯಮ. ಚಿಕ್ಕಿಯ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ತೀರ್ಪುಗಾರರಾದ ಆಮೆ ಮೇಷ್ಟ್ರು ಅದನ್ನು ಮಗುಚಿ ನೋಡಿ, ಕೊಂಬೆಯ ಮೇಲಿದ್ದ ಅಮ್ಮನಿಗೂ ಕೇಳುವಂತೆ ಲೊಚಗುಟ್ಟಿದರು. “ಪಾಪ, ಗಾಲಿಯ ತೂತು ಸೊಟ್ಟಗಿದೆ.”

ಮರಕುಟಿಗಮ್ಮ ಧುಮುಕಿ ಬಂದಳು. “ಸೊಟ್ಟಗೆ? ನಾನು ಮೂರು ಸಲ ಅಳೆದು ಕೊರೆದದ್ದು, ಮೇಷ್ಟ್ರೇ!”

“ಹಾಗೋ? ಮತ್ತೆ ಚಿಕ್ಕಿ, ನೀನೇನು ಮಾಡಿದೆಯಮ್ಮ?”

“ಹೆಸರು ಬರೆದಿದ್ದೆ. ಅಕ್ಷರ ದುಂಡಗಿಲ್ಲ ಅಂತ ಅಮ್ಮ ಅಳಿಸಿ ತಾನೇ ಬರೆದಳು.”

ಅಳಿಲುಮರಿಗಳು ನಕ್ಕು ಉರುಳಾಡಿದವು. ಮೇಷ್ಟ್ರು ಕಾರನ್ನು ಪಂದ್ಯದಿಂದ ಹೊರಗಿಟ್ಟರು. “ತೂತು ನೆಟ್ಟಗೇ ಇದೆ, ತಾಯಿ. ಕೊರೆದವರು ಯಾರೆಂದು ತಿಳಿಯಬೇಕಿತ್ತು, ಅಷ್ಟೆ.”

ಚಿಕ್ಕಿಯ ಕಣ್ಣು ತುಂಬಿ ಬಂತು. ಅಮ್ಮ ಅತ್ತ ನೋಡಲಿಲ್ಲ. ಜುಟ್ಟು ನಿಮಿರಿಸಿ ಮೇಷ್ಟ್ರ ಎದುರು ನಿಂತಳು.

“ಪಂದ್ಯದ ಮಾತು ಆಮೇಲೆ. ನನ್ನ ಕೆಲಸವನ್ನು ಸೊಟ್ಟ ಎಂದಿರಲ್ಲ, ಅದಕ್ಕೆ ಕ್ಷಮೆ ಕೇಳಿ.”