ಸೋವಣ್ಣ ಪಂಡಿತರ ಎರಡು ಬೆರಳು

ಹೊಳೆಯ ದಂಡೆಯಲ್ಲಿ ಸೋವಣ್ಣ ಪಂಡಿತರ ಆಶ್ರಮವಿತ್ತು. ಅಲ್ಲಿ ಅವರು ವೈದ್ಯ ಕಲಿಸುತ್ತಿದ್ದರು.

ಪಂಡಿತರು ಕೈಯೆತ್ತಿ ಹರಸುವಾಗ ಮೂರು ಬೆರಳು ಮಾತ್ರ ಮೇಲೇಳುತ್ತಿದ್ದವು. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈಯೊಳಗೆ ಮಡಚಿಕೊಂಡಿರುತ್ತಿದ್ದವು.

ಶಿಷ್ಯರೂ ಹಾಗೇ ಮಾಡುತ್ತಿದ್ದರು. ಜಪಕ್ಕೆ ಕೂತಾಗ ಸರಿ, ಹಸುವಿಗೆ ಹುಲ್ಲು ಹಾಕುವಾಗಲೂ ಎರಡು ಬೆರಳು ಮಡಚಿಕೊಂಡೇ ಹಾಕುತ್ತಿದ್ದರು. ಅರ್ಧ ಹುಲ್ಲು ದಾರಿಯಲ್ಲೇ ಉದುರುತ್ತಿತ್ತು. ಭಕ್ತಿ ಅಂದಮೇಲೆ ಹಸು ಸ್ವಲ್ಪ ಸಹಿಸಿಕೊಳ್ಳಬೇಕು.

ಹೊಸದಾಗಿ ಬಂದ ಬಾಚಣ್ಣ, ಹಿರಿಯ ಶಿಷ್ಯ ಕಲ್ಲಯ್ಯನನ್ನು ಕೇಳಿದ. "ಅಣ್ಣಾ, ಈ ಮುದ್ರೆಗೆ ಏನರ್ಥ?"

ಕಲ್ಲಯ್ಯ ಕಣ್ಣು ಮುಚ್ಚಿಕೊಂಡು ಹೇಳಿದ. "ಮೇಲಿನ ಮೂರು ಬೆರಳು ವಾತ, ಪಿತ್ತ, ಕಫ. ಮಡಚಿದ ಎರಡು, ಹುಟ್ಟು ಮತ್ತು ಸಾವು. ಗುರುಗಳು ಅವೆರಡನ್ನೂ ಅಂಗೈಯಲ್ಲಿ ಅದುಮಿಟ್ಟಿದ್ದಾರೆ. ಅವರ ಗುರುಗಳೂ ಹೀಗೇ ಹರಸುತ್ತಿದ್ದರಂತೆ."

ಬಾಚಣ್ಣನಿಗೆ ಸಮಾಧಾನವಾಗಲಿಲ್ಲ. ನೇರವಾಗಿ ಪಂಡಿತರ ಹತ್ತಿರ ಹೋದ. ಕಲ್ಲಯ್ಯನೂ ಹಿಂದೆಯೇ ಹೋದ.

"ಗುರುಗಳೇ, ಈ ಮುದ್ರೆಗೆ ಏನರ್ಥ?"

"ಬೆರಳು ಬಿಚ್ಚೋಕೆ ಬರಲ್ಲ ಅಂತ ಅರ್ಥ."

ಕಲ್ಲಯ್ಯ ಕಣ್ಣು ಬಿಟ್ಟ. "ಇಷ್ಟು ವರ್ಷ ನಮಗೆ ಹೇಳಲೇ ಇಲ್ಲವಲ್ಲ!"

"ನೀವು ಕೇಳಲೇ ಇಲ್ಲವಲ್ಲ."

ಪಂಡಿತರು ಬಾಚಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗೈ ತೋರಿಸಿದರು. ಚರ್ಮ ಅಲ್ಲಲ್ಲಿ ಗುಳಿ ಬಿದ್ದಿತ್ತು. ನಡುವೆ ಒಂದು ಗಂಟು. ಗಂಟಿನಿಂದ ಬೆರಳ ಬುಡಕ್ಕೆ ಹುರಿಯಂಥದ್ದೇನೋ ಸೆಟೆದುಕೊಂಡಿತ್ತು.

"ನೋವಿದೆಯಾ, ಗುರುಗಳೇ?"

"ಇಲ್ಲ. ಮುಖ ತೊಳೆಯುವಾಗ ನನ್ನ ಬೆರಳು ನನ್ನ ಕಣ್ಣಿಗೇ ಚುಚ್ಚುತ್ತೆ. ಅಷ್ಟೇ."

"ಕಾರಣ ಏನು?"

"ಬೆರಳು ಮಡಿಸುವ ನರ ಒಣಗಿ ಗಿಡ್ಡವಾಗಿದೆ. ನರ ಕೊಯ್ದರೆ ಬೆರಳು ಸಾಯುತ್ತೆ. ಬಿಟ್ಟರೆ ಬಗ್ಗುತ್ತಾ ಹೋಗುತ್ತೆ. ಇದಕ್ಕೆ ಮದ್ದಿಲ್ಲ. ನನ್ನ ಗುರುಗಳು ಹೇಳಿದ್ದು. ಅವರಿಗೆ ಅವರ ಗುರುಗಳು."

"ಅವರು ಹೇಗೆ ಕಂಡುಕೊಂಡರು?"

"ನಾನು ಕೇಳಲಿಲ್ಲ" ಎಂದರು ಪಂಡಿತರು. ಹೇಳುವಾಗ ಅವರಿಗೆ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಬಾಚಣ್ಣನ ಮಣಿಕಟ್ಟು ಹಿಡಿದರು. "ನಾಡಿ ನೋಡೋಕೆ ಮೂರು ಬೆರಳು ಬೇಕು. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರದ ಬೆರಳಿಗೆ ಕಫ. ನನ್ನ ಉಂಗುರದ ಬೆರಳು ನಾಡಿಗೆ ತಾಗುತ್ತಲೇ ಇಲ್ಲ, ನೋಡು. ಚಳಿ ಶುರುವಾದಾಗಿನಿಂದ ಕಫವನ್ನು ಊಹೆಯಿಂದ ಹೇಳುತ್ತಿದ್ದೇನೆ."

"ಎಡಗೈ?"

"ಅಲ್ಲೂ ಶುರುವಾಗಿದೆ. ಊಹೆ ಮಾಡಿ ಮದ್ದು ಕೊಡುವವನು ಇವತ್ತಲ್ಲ ನಾಳೆ ಒಬ್ಬರನ್ನು ಕೊಲ್ಲುತ್ತಾನೆ. ಬೇಸಿಗೆ ಬಂದ ಮೇಲೆ ವೈದ್ಯದ ಶಸ್ತ್ರಗಳನ್ನು ಹೊಳೆಗೆ ಬಿಟ್ಟು ಆಶ್ರಮ ಮುಚ್ಚುತ್ತೇನೆ."

"ನಮ್ಮ ಗತಿ?"

"ನನ್ನ ಗುರುಗಳು ನಿಲ್ಲಿಸುವ ಹೊತ್ತಿಗೆ ನಾನು ಕಲಿತು ಮುಗಿಸಿದ್ದೆ. ನಿಮ್ಮಲ್ಲಿ ಯಾರದೂ ಮುಗಿದಿಲ್ಲ. ನನ್ನ ಜೊತೆಗೇ ಈ ವಿದ್ಯೆ ನಿಲ್ಲುತ್ತೆ. ಏನು ಮಾಡೋದು?"

ಬಾಚಣ್ಣನಿಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಕೂತು ಅತ್ತ.

ಆ ದಿನಗಳಲ್ಲೇ ದುಗ್ಗ ಎಂಬ ಮುದಿ ಅಂಬಿಗ ಆಶ್ರಮಕ್ಕೆ ಬಂದ. ಜ್ವರ ಎದೆಗೆ ಇಳಿದಿತ್ತು. ಅವನ ಎರಡೂ ಕೈಯ ಬೆರಳು ಪಂಡಿತರ ಬೆರಳಿನ ಹಾಗೇ ಮಡಚಿಕೊಂಡಿದ್ದವು. ಹುಟ್ಟು ಹಿಡಿಯಲಾಗದೆ ದೋಣಿಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದ.

"ನಾನು ಉಳಿಯಲ್ಲ, ಬುದ್ಧೀ" ಎಂದ ದುಗ್ಗ. "ಸತ್ತಮೇಲೆ ನನ್ನನ್ನು ಮಣ್ಣು ಮಾಡಬೇಡಿ. ಈ ಹಾಳು ಕೈಗೆ ಏನಾಗಿತ್ತು ಅಂತ ನೋಡಿ."

"ನೋಡುತ್ತೇನೆ" ಎಂದು ಪಂಡಿತರು ಮಾತು ಕೊಟ್ಟರು. ದುಗ್ಗ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ದೇಹದ ಒಳಗನ್ನು ಕಲಿಯಲು ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹೆಣಕ್ಕೆ ಹುಲ್ಲು ಸುತ್ತಿ, ಬಿದಿರಿನ ಪಂಜರದಲ್ಲಿಟ್ಟು, ಹೊಳೆಯ ಮರೆಯಾದ ಜಾಗದಲ್ಲಿ ನೀರಿಗೆ ಇಳಿಬಿಡುತ್ತಿದ್ದರು. ಚೆನ್ನಾಗಿ ನೆನೆದ ಮೇಲೆ ಎತ್ತಿ, ಲಾವಂಚದ ಬೇರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಿದ್ದರು. ಮೊದಲು ಚರ್ಮ ಬಿಡುತ್ತಿತ್ತು, ಆಮೇಲೆ ಮಾಂಸ. ನರ, ಮೂಳೆ ಕಾಣುತ್ತಿದ್ದವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಲಿಯುವ ವಿದ್ಯೆ ಅದು.

ದುಗ್ಗನ ದೇಹವನ್ನು ಎತ್ತಿದ ದಿನ ಕಲ್ಲಯ್ಯ ಬಲಗೈ ಹಿಡಿದ. ಕುಂಚ ಆಡಿಸಿದ. ಅಂಗೈಯ ಚರ್ಮ ದಪ್ಪಗೆ, ಇಡಿಯಾಗಿ ಕಳಚಿ ಬಂತು. ವಾಡಿಕೆಯಂತೆ ಅದನ್ನು ಹೊಳೆಗೆ ಎಸೆದ. ಮೀನುಗಳು ಮುತ್ತಿಕೊಂಡವು.

"ಈಗ ನೋಡಿ" ಎಂದ ಕಲ್ಲಯ್ಯ. "ಇದೇ ಆ ನರ. ಒಣಗಿ ಗಿಡ್ಡವಾದದ್ದು."

ನರ ಬೆಳ್ಳಗೆ ಹೊಳೆಯುತ್ತಿತ್ತು. ಬಾಚಣ್ಣ ಮಣಿಕಟ್ಟಿನ ಹತ್ತಿರ ಅದನ್ನು ಎಳೆದ. ಬೆರಳು ಮಡಚಿಕೊಂಡಿತು. ಬಿಟ್ಟ. ಬಿಡಿಸಿದರೆ ಬೆರಳು ನೆಟ್ಟಗೆ ಬಿಚ್ಚಿಕೊಂಡಿತು.

"ಅಣ್ಣಾ, ಬೆರಳು ನೆಟ್ಟಗಾಗುತ್ತಿದೆ."

"ನೀರಲ್ಲಿ ನೆನೆದು ಸಡಿಲಾಗಿದೆ."

"ಎಡಗೈಯೂ ಅದೇ ನೀರಲ್ಲಿ ನೆನೆದಿದೆ. ಅದು ಇನ್ನೂ ಬಗ್ಗಿಯೇ ಇದೆಯಲ್ಲ?"

ಕಲ್ಲಯ್ಯ ಎಡಗೈಯ ಬೆರಳು ಬಿಡಿಸಲು ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ.

"ನರ ಇಲ್ಲೇ ಇದೆ, ಬಗ್ಗು ಮಾತ್ರ ಹೋಗಿದೆ" ಎಂದ ಬಾಚಣ್ಣ. "ಅಣ್ಣಾ, ಹೊಳೆಗೆ ಎಸೆದೆಯಲ್ಲ, ಅದೇನು?"

"ಚರ್ಮ."

"ಬರೀ ಚರ್ಮವಾ?"

ಕಲ್ಲಯ್ಯನಿಗೆ ಸಿಟ್ಟು ಬಂತು. "ಗುರುಗಳ ಗುರುಗಳು ಕಾಣದ್ದು ನಿನ್ನ ಕಣ್ಣಿಗೆ ಕಾಣಿಸಿತಾ? ನಿನ್ನೆ ಬಂದವನು ನೀನು!"

ಪಂಡಿತರು ಅಷ್ಟು ಹೊತ್ತೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಎದ್ದು ಬಂದರು. ಕಲ್ಲಯ್ಯನ ಕೈಯಿಂದ ಲಾವಂಚದ ಕುಂಚ ತೆಗೆದುಕೊಂಡು ಹೊಳೆಗೆ ಎಸೆದರು. ಸಣ್ಣ ಕತ್ತಿಯೊಂದನ್ನು ಬಾಚಣ್ಣನ ಕೈಗೆ ಕೊಟ್ಟರು.

"ಎಡಗೈ ಇದೆ" ಎಂದರು.

ಬಾಚಣ್ಣ ಉಜ್ಜಲಿಲ್ಲ. ಕತ್ತಿಯ ತುದಿಯಿಂದ ಚರ್ಮವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬಿಡಿಸಿದ. ಬೆಳಗಿನ ಕೆಲಸ ಮಧ್ಯಾಹ್ನಕ್ಕೆ ಬಂತು. ಊಟಕ್ಕೆ ಯಾರೂ ಏಳಲಿಲ್ಲ.

ಚರ್ಮದ ಅಡಿಯಲ್ಲಿ ಒಂದು ಪೊರೆ ಇತ್ತು. ಅದು ಚರ್ಮಕ್ಕೆ ಅಂಟಿಕೊಂಡೇ ಇತ್ತು. ಬೇರೆ ಕೈಗಳಲ್ಲಿ ತೆಳ್ಳಗಿರುವ ಪೊರೆ ಇಲ್ಲಿ ಗಂಟುಗಟ್ಟಿ, ಹುರಿಯಾಗಿ, ಎರಡು ಬೆರಳಿನ ತನಕ ಹೋಗಿತ್ತು. ಚೀಲದ ಬಾಯಿಗೆ ಪೋಣಿಸಿದ ದಾರವನ್ನು ಜಗ್ಗಿ ಕಟ್ಟಿದ ಹಾಗೆ ಬೆರಳುಗಳನ್ನು ಜಗ್ಗಿ ಹಿಡಿದಿತ್ತು.

ನರ ಅದರ ಕೆಳಗೆ, ತನ್ನ ಪಾಡಿಗೆ ತಾನು, ಚೆನ್ನಾಗಿಯೇ ಇತ್ತು.

ಬಾಚಣ್ಣ ಹುರಿಯನ್ನು ಅಡ್ಡಡ್ಡ ಕೊಯ್ದ. ಟಕ್ ಎಂದಿತು. ದುಗ್ಗನ ಬೆರಳು ಬಿಚ್ಚಿಕೊಂಡಿತು.

ಎಲ್ಲರಿಗೂ ಗೊತ್ತಾಗಿತ್ತು. ತಲೆತಲಾಂತರದಿಂದ ಪ್ರತಿಯೊಬ್ಬ ಗುರುವೂ ಕುಂಚದಿಂದ ಉಜ್ಜಿ, ಆ ಹುರಿಯನ್ನು ಚರ್ಮದ ಜೊತೆಗೇ ಮೀನಿಗೆ ಹಾಕಿದ್ದ. ಕಳ್ಳ ಹೊಳೆಯಲ್ಲಿ ತೇಲಿ ಹೋಗಿದ್ದ. ಮನೆಯಲ್ಲಿ ಉಳಿದಿದ್ದ ಬಡಪಾಯಿ ನರವನ್ನು ಹಿಡಿದು ಎಲ್ಲರೂ ಬೈದಿದ್ದರು.

ಪಂಡಿತರು ದುಗ್ಗನ ಬಿಚ್ಚಿದ ಬೆರಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಮಾತು ಉಳಿಸಿಕೊಂಡೆ ಕಣಪ್ಪಾ" ಎಂದು ದುಗ್ಗನಿಗೆ ಹೇಳಿದರು. ಆಮೇಲೆ ಬಾಚಣ್ಣನತ್ತ ತಿರುಗಿದರು. "ನಾಳೆ ಬೆಳಿಗ್ಗೆ ಸ್ನಾನ ಮಾಡಿ ಬಾ. ಬೇರೆ ಕತ್ತಿ ತಾ. ಬೆಂಕಿಗೆ ಹಿಡಿದು ತಾ."

"ಯಾಕೆ, ಗುರುಗಳೇ?"

"ನನ್ನ ಕೈ ಇದೆ."

ಬೆಳಿಗ್ಗೆ ಪಂಡಿತರು ದಂಡೆಯ ಚಪ್ಪಡಿ ಕಲ್ಲಿನ ಮುಂದೆ ಕೂತು ಬಲಗೈಯನ್ನು ಅದರ ಮೇಲಿಟ್ಟರು. ಬಾಚಣ್ಣ ಎದುರಿಗೆ ಕೂತ. ಅವನ ಕೈ ಗಡಗಡ ನಡುಗುತ್ತಿತ್ತು.

ಕಲ್ಲಯ್ಯ ಅಡ್ಡ ಬಂದು ನಿಂತ. "ಗುರುವಿನ ಮೈಗೆ ಕತ್ತಿ ಹಾಕೋದಾ? ಇದು ಗುರುದ್ರೋಹ!"

"ಕಲ್ಲಯ್ಯಾ, ನೀನು ಮಣಿಕಟ್ಟು ಹಿಡಿದುಕೊ. ಅಲುಗದ ಹಾಗೆ ಹಿಡಿ."

ಕಲ್ಲಯ್ಯ ಕೂತು ಹಿಡಿದುಕೊಂಡ.

"ಗುರುಗಳೇ, ನಿನ್ನೆಯದು ಸತ್ತವನ ಕೈ" ಎಂದ ಬಾಚಣ್ಣ. "ಇದರಲ್ಲಿ ರಕ್ತ ಬರುತ್ತೆ. ಒಳಗೆ ಏನೂ ಕಾಣದೆ ಹೋದರೆ? ತಪ್ಪಿ ನರಾನೇ ಕೊಯ್ದರೆ?"

"ಸತ್ತವನ ಕೈಯಲ್ಲಿ ಇಲ್ಲದ್ದು ಇದರಲ್ಲಿ ಒಂದಿದೆ."

"ಏನು?"

ಪಂಡಿತರು ಮಡಚಿದ ಬೆರಳನ್ನು ಒಂದಿಷ್ಟು ಒಳಗೆ ಮಡಿಸಿ ತೋರಿಸಿದರು. "ಹೇಳಿದರೆ ಅಲುಗುತ್ತೆ."

ಬಾಚಣ್ಣನಿಗೆ ಹೊಳೆಯಿತು. ಬೆರಳು ಅಲುಗಿಸಿದಾಗ ಜಾರುವುದು ನರ. ಜಾರದೆ ಬಿಗಿದು ಕೂರುವುದು ಹುರಿ.

ಶಿಷ್ಯರು ನೋವು ತಿಳಿಯದಿರಲಿ ಎಂದು ಮದ್ಯ ತಂದಿಟ್ಟರು. ಪಂಡಿತರು ಬೇಡವೆಂದರು. "ಬೆರಳು ಅಲುಗಿಸೋಕೆ ನನಗೆ ಎಚ್ಚರ ಇರಬೇಕು. ನಡುಗುತ್ತಿರೋದು ಬಾಚಣ್ಣ, ಬೇಕಾದರೆ ಅವನಿಗೆ ಕೊಡಿ."

ಬಾಚಣ್ಣನಿಗೆ ನಗು ಬಂತು. ನಕ್ಕ ಮೇಲೆ ಕೈ ನಿಂತಿತು.

ಅಂಗೈಗೆ ಅಡ್ಡ ಗೀರು ಹಾಕಿದ. ರಕ್ತ ಒರೆಸಿದ. "ಅಲುಗಿಸಿ" ಎಂದ. ಪಂಡಿತರು ಅಲುಗಿಸಿದರು. ಬೆರಳಿಟ್ಟು ನೋಡಿದ. ಮತ್ತೆ "ಅಲುಗಿಸಿ" ಎಂದ. ಅಲುಗದ್ದು ಸಿಕ್ಕಿತು. ಅದರ ಮೇಲೆ ಕತ್ತಿಯಿಟ್ಟ.

"ಗುರುಗಳೇ..."

"ಕೊಯ್ಯೋ!"

ಟಕ್ ಎಂದಿತು. ದಂಡೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ಪಂಡಿತರು ಹಲ್ಲು ಕಚ್ಚಿ ನರಳಿದರು. ಬಾಚಣ್ಣ ಉಂಗುರದ ಬೆರಳನ್ನು ಹಿಡಿದು ಮೆಲ್ಲಗೆ ಎತ್ತಿದ. ಅದು ಎದ್ದಿತು. ಕಿರುಬೆರಳ ಬುಡದಲ್ಲಿ ಇನ್ನೊಂದು ಗೀರು, ಇನ್ನೊಂದು ಟಕ್. ಅದೂ ಎದ್ದಿತು.

ಕಲ್ಲಯ್ಯ ಮಣಿಕಟ್ಟು ಬಿಡದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಯಾಕೋ?" ಎಂದರು ಪಂಡಿತರು.

"ಎಷ್ಟು ಕೈಗಳ ಚರ್ಮವನ್ನು ನಾನೇ ನನ್ನ ಕೈಯಾರೆ ಹೊಳೆಗೆ ಎಸೆದೆ, ಗುರುಗಳೇ!"

"ನಾನು ನಿನಗಿಂತ ಹೆಚ್ಚು ಎಸೆದಿದ್ದೇನೆ. ಗಟ್ಟಿಯಾಗಿ ಹಿಡಿ, ರಕ್ತ ನಿಲ್ಲಲಿ."

ಗಾಯವನ್ನು ಹೊಲಿಯದೆ ಬಿಟ್ಟರು. ಬೇವಿನ ಕಷಾಯದಲ್ಲಿ ತೊಳೆದರು. ತುಪ್ಪ, ಜೇನು ಹಚ್ಚಿದರು. ಬೆರಳು ನೆಟ್ಟಗಿರಲಿ ಎಂದು ಕೈಯನ್ನು ಮರದ ಹಲಗೆಗೆ ಕಟ್ಟಿದರು. ಊತ ಬಂತು, ಇಳಿಯಿತು. ಒಂದು ಸಲ ಜ್ವರ ಬಂದಾಗ ಬಾಚಣ್ಣ ಅನ್ನ ಬಿಟ್ಟು ಬಾಗಿಲಲ್ಲೇ ಕೂತ. ಜ್ವರವೂ ಇಳಿಯಿತು.

ಗಾಯ ಮಾಯ್ದ ಮೇಲೆ ಎಣ್ಣೆ ಹಚ್ಚಿ ದಿನಾ ಬೆರಳು ಆಡಿಸಿದರು. ಪಂಡಿತರು ನೋವಿಗೆ ಶಿಷ್ಯರನ್ನೆಲ್ಲ ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡವರಿಗೆ ಬೇಜಾರಾಗಲಿಲ್ಲ, ಬೈಯುವಾಗ ಗುರುಗಳ ಬೆರಳು ಚೆನ್ನಾಗಿ ಆಡುತ್ತಿತ್ತು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಪಂಡಿತರು ಎಲ್ಲರನ್ನೂ ಕರೆದರು.

"ಬಾಚಾ, ಕೈ ಕೊಡು."

ಅವನ ಮಣಿಕಟ್ಟಿನ ಮೇಲೆ ತೋರುಬೆರಳಿಟ್ಟರು. ನಡುಬೆರಳಿಟ್ಟರು. ಆಮೇಲೆ ಉಂಗುರದ ಬೆರಳನ್ನು ನೆಟ್ಟಗೆ ಚಾಚಿ, ಮೆಲ್ಲಗೆ ಇಳಿಸಿ, ಊರಿದರು. ಕಣ್ಣು ಮುಚ್ಚಿದರು.

ಶಿಷ್ಯರು ಹತ್ತಿರ ಬಂದು ಬಗ್ಗಿ ನೋಡಿದರು.

"ಸಿಕ್ಕಿತು!" ಎಂದು ಪಂಡಿತರು ಕೂಗಿದರು. "ಕಫ ಸಿಕ್ಕಿತು ಕಣ್ರೋ! ರಾತ್ರಿ ಮೊಸರು ಕದ್ದು ತಿಂದಿದ್ದೀಯ, ಕತ್ತೆ!"

"ಹೌದು, ಗುರುಗಳೇ!" ಎಂದು ಬಾಚಣ್ಣ ಕುಣಿದಾಡಿದ. ಕದ್ದವನು ಸಿಕ್ಕಿಬಿದ್ದಾಗ ಅಷ್ಟು ಸಂತೋಷಪಟ್ಟದ್ದನ್ನು ಆ ದಂಡೆ ಎಂದೂ ಕಂಡಿರಲಿಲ್ಲ.

ಆಶ್ರಮ ಮುಚ್ಚಲಿಲ್ಲ. ಸುದ್ದಿ ಹೊಳೆಯ ಎರಡೂ ದಂಡೆಗೆ ಹಬ್ಬಿತು. ಕೈ ಮಡಚಿಕೊಂಡವರು ಬಂದರು. ಕೆಲವರ ಬೆರಳು ಪೂರ್ತಿ ಬಿಚ್ಚಿತು, ಕೆಲವರದು ಅರ್ಧ. ಕೆಲವರಿಗೆ ಹುರಿ ಮತ್ತೆ ಕಟ್ಟಿತು. ಅವರೂ ಮತ್ತೆ ಬಂದರು, ನಗುತ್ತಲೇ ಬಂದರು. ದುಗ್ಗನ ತಮ್ಮ ಎಲ್ಲರನ್ನೂ ದೋಣಿಯಲ್ಲಿ ದಾಟಿಸಿದ.

ಒಂದು ಸಂಜೆ ಗುರು ಶಿಷ್ಯರು ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದರು. ಬಾಚಣ್ಣನ ಎದೆ ಹೆಮ್ಮೆಯಿಂದ ಉಬ್ಬಿತ್ತು.

"ಗುರುಗಳೇ, ಇನ್ನು ಮುಂದೆ ಕಲಿಯೋಕೆ ಬಂದವರಿಗೆ ನಾವು ಸತ್ಯವನ್ನೇ ಹೇಳಬಹುದು. ಇದನ್ನು ಯಾರೂ ತಪ್ಪು ಅನ್ನೋಕೆ ಆಗಲ್ಲ."

"ಅಂತಾನೆ" ಎಂದರು ಪಂಡಿತರು.

"ಯಾರು?"

"ಒಬ್ಬ ಬರುತ್ತಾನೆ. ನಿನ್ನೆ ಬಂದವನು. ನಿನ್ನ ಮುಂದೆ ನಿಂತು, ನೀವು ಹೇಳಿದ್ದು ತಪ್ಪು ಗುರುಗಳೇ, ಅಂತಾನೆ."

ಬಾಚಣ್ಣನ ಮುಖ ಸಣ್ಣದಾಯಿತು. "ಆಗ ನಾನೇನು ಮಾಡಲಿ?"

ಪಂಡಿತರು ನಕ್ಕರು.

"ಕೈ ಚಾಚಿ, ಕೊಯ್ಯಪ್ಪಾ ಅನ್ನು."