ಎರೆಹುಳದ ಅರ್ಜಿ

ಹಾವು ಮೊಟ್ಟೆ ನುಂಗಿದ ಮೇಲೆ, ಅನುಮಾನ ಬಂದವರನ್ನೆಲ್ಲ ಹಿಡಿಯುವ ಅಧಿಕಾರವನ್ನು ಕೋಳಿಗಳು ನಾಯಿಯಾದ ನನಗೆ ಕೊಟ್ಟವು. ಸಿಕ್ಕಿದ್ದೇ ತಡ, ಎರೆಹುಳವನ್ನು ಹಿಡಿದು ತೆಂಗಿನ ಚಿಪ್ಪಿನಲ್ಲಿ ಕೂಡಿಹಾಕಿದೆ. ಬಿಸಿಲಿಗೆ ಒಣಗುತ್ತಾ ಅದು ನ್ಯಾಯಾಧೀಶ ಆಮೆಗೆ ಮೊರೆಯಿಟ್ಟಿತು.

"ಏನಯ್ಯಾ, ಸಾಕ್ಷಿ ಎಲ್ಲಿ?" ಎಂದಿತು ಆಮೆ.

"ಭದ್ರತೆಯ ಗುಟ್ಟು ಸ್ವಾಮಿ, ಹೇಳೋ ಹಾಗಿಲ್ಲ."

"ನನಗೊಬ್ಬನಿಗೇ ಮೆಲ್ಲಗೆ ಹೇಳು."

"ಉದ್ದಕ್ಕಿದೆ, ಕಾಲಿಲ್ಲ, ಅಲ್ಲಾಡುತ್ತೆ!"

"ಹಾಗಾದರೆ ನಿನ್ನ ಬೆನ್ನ ಹಿಂದಿರೋದು ಯಾರು?"

ತಿರುಗಿ ನೋಡಿದೆ. ಅಯ್ಯಯ್ಯೋ, ಅದೂ ಉದ್ದಕ್ಕಿದೆ, ಅಲ್ಲಾಡುತ್ತಿದೆ! ಬುಗುರಿಯಂತೆ ಸುತ್ತಿ ಸುತ್ತಿ ಹಿಡಿದೆ, ಗಟ್ಟಿಯಾಗಿ ಕಚ್ಚಿದೆ. ಪ್ರಾಣವೇ ಹೋದಂತಾಯಿತು.

"ಸ್ವಾಮಿ, ಆರೋಪಿ ಸಿಕ್ಕಿದ! ಆದರೆ ದಯವಿಟ್ಟು ಬಿಡುಗಡೆಗೆ ಆಜ್ಞೆ ಕೊಡಿ, ತುಂಬಾ ನೋಯ್ತಿದೆ!"

"ಕೊಡೋಣ," ಎಂದಿತು ಆಮೆ. "ಮೊದಲು ಎರೆಹುಳವನ್ನು ಬಿಡು. ಅದರ ಅರ್ಜಿ ನಿನ್ನದಕ್ಕಿಂತ ಮುಂಚೆ ಬಂದಿದೆ."